ಮೂರು ಫ್ಯಾನಿನ ರೇಡಿಯೇಟರ್, ಅಮ್ಮನ ಟೇಪು

ನನಗೆ ಬರುವ ವಿದ್ಯೆ ಒಂದೇ, ಇನ್ನೊಬ್ಬರ ಹಾಗೆ ಮಾತಾಡುವುದು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ನಾನು ಅಣಕಿಸದೆ ಬಿಟ್ಟವರಿಲ್ಲ. ಸೊಪ್ಪಿನ ಆಂಟಿಯ ಹಾಗೆ ಕೂಗಿ ಕೆಳಗಿನ ಮನೆಯವರನ್ನು ಚೀಲ ಸಮೇತ ಗೇಟಿಗೆ ತರಿಸಿದ್ದೇನೆ. ನಿನ್ನ ಸ್ವಂತ ಧ್ವನಿ ಯಾವುದಪ್ಪಾ ಅಂತ ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಹೀಗಿರುವಾಗ ಒಂದು ಡಬ್ಬಿಂಗ್ ಸ್ಟುಡಿಯೋದವರು ನನ್ನನ್ನು ನಂಬಿದರು. ಮಕ್ಕಳ ಕಾರ್ಟೂನಿನಲ್ಲಿ ಒಂದು ಬಾಯಿಬಡುಕ ಕಾಗೆ, ಅದಕ್ಕೆ ಧ್ವನಿ ಬೇಕಾಗಿತ್ತು. ಮನೆಯಲ್ಲೇ ಸ್ಯಾಂಪಲ್ ರೆಕಾರ್ಡ್ ಮಾಡಿ ಕಳಿಸಿ ಅಂದರು. ಕಳಿಸಿದೆ. ಸ್ಟುಡಿಯೋ ಮೇಡಂ ಫೋನ್ ಮಾಡಿದರು.

"ಕಾಗೆ ಚೆನ್ನಾಗಿದೆ. ಆದ್ರೆ ಅದರ ಹಿಂದೆ ಯಾರೋ ಬೋಂಡ ಕರೀತಾ ಇದಾರಲ್ಲ?"

ಬೋಂಡ ಅಲ್ಲ, ಅದು ನನ್ನ ಕಂಪ್ಯೂಟರ್. ರೂಮಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಮೈಕು ಸಿಕ್ಕಿಸಿ ರೆಕಾರ್ಡಿಂಗ್ ಶುರು ಮಾಡಿದ್ದೇ ತಡ, ಒಳಗಿನ ಪುಟ್ಟ ಫ್ಯಾನು ಸೊಂಯ್ ಅಂತ ಏರುತ್ತದೆ. ಭಾನುವಾರದೊಳಗೆ ಇನ್ನೊಂದು ಸ್ಯಾಂಪಲ್ ಕಳಿಸಿ, ಆಮೇಲೆ ಬೇರೆಯವರನ್ನ ನೋಡ್ಬೇಕಾಗುತ್ತೆ ಅಂದರು ಮೇಡಂ. ಕಾಗೆ ಕೈಗೆ ಬಂದು ಹಾರಿಹೋಗುವುದರಲ್ಲಿತ್ತು.

ವಿಜಯನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಪರಿಚಯದ ಅಣ್ಣನೊಬ್ಬರ ಹತ್ತಿರ ಓಡಿದೆ. ಅವರು ಮೂಗಿನಲ್ಲೇ ಮಾತಾಡುತ್ತಾರೆ, ನೆಗಡಿ ಇಲ್ಲದಿದ್ದರೂ.

"ಲಿಕ್ವಿಡ್ ಕೂಲಿಂಗ್ ಹಾಕ್ಕೊ ಗುರು. ನೀರು ಬಿಸೀನ ರೇಡಿಯೇಟರಿಗೆ ಒಯ್ಯುತ್ತೆ, ಅಲ್ಲಿ ಫ್ಯಾನು ಆರಿಸುತ್ತೆ. ರೇಡಿಯೇಟರ್ ದೊಡ್ಡದಿದ್ದಷ್ಟೂ ಫ್ಯಾನು ನಿಧಾನಕ್ಕೆ ತಿರುಗಿದ್ರೆ ಸಾಕು, ಸದ್ದು ಕಮ್ಮಿ. ಎರಡು ಫ್ಯಾನಿಂದು ಇನ್ನೂರ ನಲವತ್ತು ಮಿಲಿಮೀಟರ್, ಮೂರು ಫ್ಯಾನಿಂದು ಮುನ್ನೂರ ಅರವತ್ತು. ನಿನ್ನ ಪ್ರೊಸೆಸರಿಗೆ ಎರಡೇ ಜಾಸ್ತಿ."

"ಮೂರು ಕೊಡಿ ಅಣ್ಣ."

"ಯಾಕೆ?"

ಯಾಕೆ ಅಂದರೆ, ವಿಡಿಯೋಗಳಲ್ಲಿ ಎಲ್ಲರದ್ದೂ ಮೂರು ಇರುತ್ತದೆ. ಅದನ್ನು ಹೇಳಲಾದೀತೆ? "ಮುಂದಕ್ಕೆ ಬೇಕಾಗುತ್ತೆ" ಅಂದೆ, ದೊಡ್ಡ ಮನುಷ್ಯನ ಧ್ವನಿಯಲ್ಲಿ.

"ಹೆಸರಿಗೆ ಮುನ್ನೂರ ಅರವತ್ತು ಮಿಲಿಮೀಟರ್, ಮೈ ಅದಕ್ಕಿಂತ ಉದ್ದ. ಎರಡೂ ತುದಿ ಸೇರಿ ಹತ್ತತ್ರ ನಲವತ್ತು ಸೆಂಟಿಮೀಟರ್ ಆಗುತ್ತೆ. ಕ್ಯಾಬಿನೆಟ್ಟಿನ ಒಳಗೆ, ಮೇಲ್ಗಡೆ, ಅಳೆದು ನೋಡು."

ಮನೆಗೆ ಬಂದೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅಳತೆಗೆ ಬಂದಿದ್ದ ಒಬ್ಬ ಆಂಟಿಯ ಜೊತೆ ಬಾಗಿಲಲ್ಲಿ ಮಾತಾಡುತ್ತಿದ್ದರು. ಮಷೀನಿನ ಮೇಲಿದ್ದ ಟೇಪು ಎತ್ತಿಕೊಂಡೆ, ಕ್ಯಾಬಿನೆಟ್ ಬಿಚ್ಚಿದೆ, ಈ ತುದಿ ಇಲ್ಲಿ, ಆ ತುದಿ ಅಲ್ಲಿ. ನಲವತ್ತು. ಹೇಳಿ ಮಾಡಿಸಿದ ಹಾಗೆ. ಹಿಂದೆ ಮುಂದೆ ನೋಡದೆ ಹೋಗಿ ಮೂರು ಫ್ಯಾನಿನದನ್ನೇ ತಂದೆ.

ಕೂರಲಿಲ್ಲ. ಆ ಕಡೆಯಿಂದ ತುರುಕಿದರೆ ಈ ಕಡೆ ಹೊರಗೆ, ಈ ಕಡೆಯಿಂದ ತುರುಕಿದರೆ ಆ ಕಡೆ ಹೊರಗೆ. ಮದುವೆ ಛತ್ರದ ಲಿಫ್ಟಿನಲ್ಲಿ ಒಬ್ಬರು ಜಾಸ್ತಿಯಾದ ಹಾಗೆ. ನನ್ನ ಗೊಣಗಾಟ ಕೇಳಿ ಅಮ್ಮ ಬಂದರು.

"ಯಾವ ಟೇಪಲ್ಲಿ ಅಳೆದೆ?"

"ನಿಮ್ಮದ್ರಲ್ಲೇ."

"ಅದು ಒಂದರಿಂದ ಶುರು ಕಣೋ."

ನೋಡಿದೆ. ಟೇಪಿನ ತುದಿ ಜೂಲಾಗಿ ತಗಡು ಬಿದ್ದುಹೋದ ಮೇಲೆ ಅಮ್ಮ ಮೊದಲನೇ ಇಂಚನ್ನು ನೀಟಾಗಿ ಕತ್ತರಿಸಿ ಎಸೆದಿದ್ದರು. ಇಂಚಿನ ಕಡೆ ಒಂದರಿಂದ ಶುರು, ಸೆಂಟಿಮೀಟರ್ ಕಡೆ ಎರಡೂವರೆಯಿಂದ. ಎಷ್ಟು ಬಂದರೂ ಒಂದು ಇಂಚು ಕಳೆಯಬೇಕು. ಅಂದರೆ ನನ್ನ ನಲವತ್ತು, ನಿಜವಾಗಿ ಮೂವತ್ತೇಳೂವರೆ.

"ಹೊಸ ಟೇಪು ತಗೊಳ್ಳೋಕೆ ಏನಮ್ಮಾ?"

"ಇದೇ ಕೈಗೆ ಕೂತಿದೆ. ನಾನು ಕಳೀತೀನಲ್ಲ. ನಿಂಗೆ ಯಾರು ಮುಟ್ಟು ಅಂದ್ರು?"

ಬೀದಿಯ ಅರ್ಧ ಹೆಂಗಸರ ತೋಳು ಆ ಟೇಪಿನಲ್ಲೇ ಸರಿಯಾಗಿ ಬಂದಿದೆ, ನನ್ನ ರೇಡಿಯೇಟರ್ ಒಂದೇ ಕೆಟ್ಟಿದ್ದು. ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಡಬ್ಬ ಹಿಡಿದು ನಿಂತೆ. ಇವನು ಯಾವ ಧ್ವನಿಯಲ್ಲಿ ಬೇಡಿಕೊಳ್ಳುತ್ತಾನೋ ನೋಡಬೇಕು ಅಂತ ಅಮ್ಮನೂ ಜೊತೆಗೆ ಬಂದಿದ್ದರು.

ಅಂಗಡಿಯ ಅಣ್ಣ ಡಬ್ಬ ತಿರುಗಿಸಿ ನೋಡಿದರು. "ನೀರೇನೂ ಸೋರಿಲ್ಲ, ಸ್ಕ್ರೂ ಹಾಕಿಲ್ಲ. ಬದಲಾಯಿಸಿ ಕೊಡ್ತೀನಿ. ಇನ್ನೂರ ಎಂಬತ್ತು ಅಂತ ಒಂದಿದೆ, ಉದ್ದ ಕಮ್ಮಿ, ಅಗಲ ಜಾಸ್ತಿ."

ನನ್ನ ಕಣ್ಣು ಮತ್ತೆ ದೊಡ್ಡದಾಯಿತು. ಅಣ್ಣ ನನ್ನ ಫೋನಿನಲ್ಲಿ ಕ್ಯಾಬಿನೆಟ್ಟಿನ ಫೋಟೋ ನೋಡಿ ತಲೆ ಆಡಿಸಿದರು. "ಆಗಲ್ಲ. ನಿನ್ನ ರ್‍ಯಾಮು ಎತ್ತರ ಇದೆ, ಇದರ ಪಕ್ಕಕ್ಕೆ ತಾಗುತ್ತೆ."

"ಕಂಕುಳಲ್ಲಿ ಹಿಡಿಯುತ್ತೆ ಅನ್ನಿ" ಅಂದರು ಅಮ್ಮ.

"ಹೂಂ ಮೇಡಂ, ಅದೇ." ಅಣ್ಣ ಮೊದಲ ಸಲ ಮೂಗು ಬಿಟ್ಟು ಬಾಯಲ್ಲಿ ನಕ್ಕರು. ನನ್ನ ಮಿಮಿಕ್ರಿಗೆ ಒಂದು ದಿನವೂ ನಕ್ಕಿರಲಿಲ್ಲ.

ಕೊನೆಗೆ ಎರಡು ಫ್ಯಾನಿನದೇ ತಂದೆವು. ಒಂದೇ ಏಟಿಗೆ ಕೂತಿತು. ಆನ್ ಮಾಡಿದರೆ, ಆನ್ ಆಗಿದೆಯೋ ಇಲ್ಲವೋ ಅಂತ ಕಿವಿ ಇಟ್ಟು ಕೇಳಬೇಕು. ಮೂರು ಬೇಕು ಅಂದಿದ್ದ ದೊಡ್ಡ ಮನುಷ್ಯನ ಧ್ವನಿ ಎಲ್ಲಿ ಹೋಯಿತೋ.

ಈಗ ಕಂಪ್ಯೂಟರ್ ಸುಮ್ಮನಾದ ಮೇಲೆ ಮಿಕ್ಕ ಸದ್ದುಗಳೆಲ್ಲ ಮೈಕಿಗೆ ಬರತೊಡಗಿದವು. ಕಿಟಕಿ ಮುಚ್ಚಿದೆ, ಅಮ್ಮನ ಮಷೀನು ನಿಲ್ಲಿಸಿದೆ, ಸೀಲಿಂಗ್ ಫ್ಯಾನೂ ಆರಿಸಿದೆ. ಬೆವರು ಸುರಿಸುತ್ತಾ ಕಾಗೆ ತನ್ನ ಮಾತು ಮುಗಿಸಿತು. ಕಳಿಸಿದೆ. ಇನ್ನೊಂದು ಟೇಕ್ ಕೇಳಿದರೆ ಅಂತ ಎಲ್ಲವನ್ನೂ ಹಾಗೇ ಇಟ್ಟುಕೊಂಡು ಕೂತೆ. ಅಮ್ಮ ಪಕ್ಕದಲ್ಲಿ ಬೀಸಣಿಗೆಗೆ ಬದಲು ಯಾರದೋ ಬ್ಲೌಸ್ ಪೀಸು ಬೀಸಿಕೊಳ್ಳುತ್ತಿದ್ದರು.

ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

"ಕ್ಲೀನಾಗಿದೆ. ಕಾಗೆ ನಿಮ್ಮದೇ. ನಾಳೆಯಿಂದ ಸ್ಟುಡಿಯೋಗೆ ಬಂದ್ಬಿಡಿ, ಪೂರ್ತಿ ರೆಕಾರ್ಡಿಂಗ್ ಇಲ್ಲೇ."

ನಾನು ಥ್ಯಾಂಕ್ಸ್ ಹೇಳಿದ್ದು ಯಾರ ಧ್ವನಿಯಲ್ಲೋ ನೆನಪಿಲ್ಲ. ಬಹುಶಃ ನನ್ನದೇ.

ಅಮ್ಮ ಬೀಸಿಕೊಳ್ಳುವುದನ್ನು ನಿಲ್ಲಿಸಿದರು. "ಅಲ್ಲ ಕಣೋ, ಅಲ್ಲೇ ಹೋಗಿ ಮಾತಾಡೋದಾದ್ರೆ ಇಲ್ಲಿ ಇದನ್ನ ಯಾಕೆ ಹಾಕಿಸ್ದೆ?"

"ಇದು ಸುಮ್ನಿದ್ದಿದ್ದಕ್ಕೇ ತಾನೆ ಅವರು ಕರೆದಿದ್ದು?"

ಅಮ್ಮ ಇರಬಹುದು ಅನ್ನುವ ಹಾಗೆ ಕ್ಯಾಬಿನೆಟ್ಟಿನ ಕಡೆ ನೋಡಿದರು. ಆಮೇಲೆ ಎದ್ದು ಸೀಲಿಂಗ್ ಫ್ಯಾನಿನ ಸ್ವಿಚ್ ಒತ್ತಿದರು.