ಕಾಕಾನ ಬೂಟು

ಆಗಿನ್ನೂ ನಮ್ಮ ಭಾಲ್ಕಿಯ ಮನೆಯ ದೊಡ್ಡವರಲ್ಲಿ ಬೂಟು ಹಾಕುತ್ತಿದ್ದವನು ಅಪ್ಪನ ತಮ್ಮ, ನಮ್ಮ ಕಾಕಾ ಒಬ್ಬನೇ. ಬೀದರ ಹತ್ತಿರದ ಕೊಳಾರದ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಸಂಜೆ ಅವನು ಬಂದರೆ ಅಂಗಳದ ತುಂಬ ಪಾಲಿಶ್, ಬೆವರಿನ ವಾಸನೆ. ಬೂಟಿನ ಲೇಸ್ ಬಿಚ್ಚುವ ಕೆಲಸ ನನ್ನದು. ಅವನ ಬಲಪಾದದ ಮೇಲೆ ಎಲುಬೊಂದು ಉಬ್ಬಿತ್ತು. ಅದು ನೋಯಬಾರದೆಂದು ಅಲ್ಲಿಯ ಎರಡು ತೂತು ಬಿಟ್ಟು ಲೇಸ್ ಪೋಣಿಸುತ್ತಿದ್ದ. ಹಿಮ್ಮಡಿ ಜಾರದಂತೆ ಮೇಲೆ ಬಿಗಿದು, ತುದಿಗಳನ್ನು ಒಳಗೆ ತುರುಕುತ್ತಿದ್ದ. ಜೋತುಬಿದ್ದರೆ ಶೋಕಿ ಕೆಡುತ್ತದಂತೆ. ನನ್ನ ಶಾಲೆಯ ಬೂಟಿಗೂ ಅದೇ ಪಾಠ.

ಆ ಬೇಸಿಗೆ ಕಾರ್ಖಾನೆಯಲ್ಲಿ ಬೆಂಕಿ ಬಿತ್ತು. ಕಾಕಾನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದರು. ನನ್ನನ್ನು ಪಕ್ಕದ ಮನೆಗೆ ಅಟ್ಟಿದರು, ಮುಖ ನೋಡಗೊಡಲಿಲ್ಲ. ಮರುದಿನ ಯಾರೋ ಚೀಲದಲ್ಲಿ ಅವನ ಬೂಟು ತಂದುಕೊಟ್ಟು ಹೋದರು. ನಾನು ಕೈಗೆತ್ತಿಕೊಂಡು ಲೇಸ್ ನೋಡಿದೆ. ಒಂದು ತೂತನ್ನೂ ಬಿಟ್ಟಿರಲಿಲ್ಲ, ತುದಿಗಳು ಜೋತಾಡುತ್ತಿದ್ದವು. ಕಾಕಾನ ತಾಯಿಯ ಬಳಿ, ಅಂದರೆ ನನ್ನ ಅಜ್ಜಿಯ ಬಳಿ, ಓಡಿದೆ.

"ಆಯಿ, ಇದು ಕಾಕಾ ಕಟ್ಟಿದ್ದಲ್ಲ. ಸತ್ತಾಂವ ಯಾರೋ ಬ್ಯಾರೇದಾಂವ."

ಆಯಿ ಬೂಟನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. "ಹೌದವ್ವಾ, ಅಂವ ಹಿಂಗ ಕಟ್ಟಾಂವಲ್ಲ. ನಡಿ, ಹೋಗಿ ನೋಡಮು."

ಅಂದಿನಿಂದ ಸಂಜೆಯಾದರೆ ನಾವಿಬ್ಬರೂ ಬಸ್ ನಿಲ್ದಾಣದಲ್ಲಿ. ಹುರಿದ ಶೇಂಗಾ ಸುಲಿಯುತ್ತ, ಬೀದರ, ಔರಾದದ ಬಸ್ಸುಗಳಿಂದ ಇಳಿಯುವ ಗಂಡಸರ ಕಾಲು ನೋಡುತ್ತ ಕೂರುತ್ತಿದ್ದೆವು. ಓಣಿಯವರು ಆಯಿಗೆ ತಲೆ ಕೆಟ್ಟಿದೆ ಎಂದರು, ಅಪ್ಪ ಬೈದ. ಅವಳು ಮರುದಿನವೂ ಶೇಂಗಾ ಕಟ್ಟಿಕೊಂಡು ಹೊರಟಳು. ಮನೆಯಲ್ಲಿದ್ದರೂ ಅಂಗಳದಲ್ಲಿ ಬೂಟಿನ ಸಪ್ಪಳ ಕೇಳಿದಂತಾಗಿ ನಾನು ದಿಗ್ಗನೆ ಏಳುತ್ತಿದ್ದೆ. ಅಂಗಳ ಖಾಲಿ ಇರುತ್ತಿತ್ತು.

ಮಳೆ ಹಿಡಿದಾಗ ಒಂದು ಸಂಜೆ ಕಾಕಾನ ಗೆಳೆಯನೊಬ್ಬ ಔರಾದದಿಂದ ಬಂದ. ಆಸ್ಪತ್ರೆಯಲ್ಲಿ ಲೇಸ್ ಕತ್ತರಿಸಿ ಬೂಟು ತೆಗೆದಿದ್ದರಂತೆ. "ಬಾಯಿ ತೆರದ ಬೂಟ ಮನಿಗಿ ಹ್ಯಾಂಗ ಕಳಸಬೇಕ್ರಿ? ನಾನೇ ಹೊಸಾ ಲೇಸ್ ಹಾಕಿದ್ನಿರಿ" ಎಂದ.

ನನಗೆ ಆಯಿಯದೇ ಭಯ. ಅವಳು ಮಾತ್ರ ಅವನಿಗೆ ಚಹಾ ಕೊಟ್ಟು ಕಳಿಸಿ, ನನ್ನನ್ನು ಹತ್ತಿರ ಎಳೆದುಕೊಂಡಳು.

"ಮಣ್ಣಿಗಿ ಒಯ್ಯೂ ಮುಂದ ಅವನ ಕಾಲು ನಾನೇ ತೊಳದೀನವ್ವಾ. ಆ ಎಲುಬು ಮುಟ್ಟಿ ನೋಡೀನಿ. ನೀ ಒಬ್ಬಾಕಿ ಹ್ಯಾಂಗ ಹುಡುಕ್ತಿದ್ದಿ? ಅದಕ್ಕ ನಿನ್ನ ಜೋಡಿ ಬಂದೀನಿ."

ಮನೆಯವರ ಪಾಲಿಗೆ ಕಾಕಾ ಬೇಸಿಗೆಯಲ್ಲೇ ಸತ್ತಿದ್ದ. ನನ್ನ ಪಾಲಿಗೆ ಸತ್ತದ್ದು ಆ ಸಂಜೆ. ಆಮೇಲೆ ನಾವು ನಿಲ್ದಾಣದ ಕಡೆ ಹೋಗಲಿಲ್ಲ.

ಆಯಿ ಹೋಗಿಯೂ ಬಹಳ ವರ್ಷವಾಯಿತು. ಈಗ ನಾನಿರುವುದು ಬೀದರಿನಲ್ಲಿ. ಎದುರಿಗೆ ಬಸ್ಸು ನಿಂತರೆ ಇವತ್ತಿಗೂ ಇಳಿಯುವವರ ಮುಖ ಬಿಟ್ಟು ಕಾಲು ನೋಡುತ್ತೇನೆ. ನಿಜ ಹೇಳಿ ನನ್ನನ್ನು ತಿದ್ದುವವರು ಸುತ್ತ ಬೇಕಾದಷ್ಟು ಜನ ಇದ್ದಾರೆ. ಮಗನನ್ನು ಮಣ್ಣಿಗೆ ಕೊಟ್ಟು ಬಂದ ಮೇಲೂ, ನನ್ನ ಕೈ ಹಿಡಿದು ಅವನನ್ನು ಹುಡುಕಲು ಹೊರಟವಳು ಅವಳೊಬ್ಬಳೇ.