ಸೊನ್ನೆಯೊಳಗೆ ಹೋದವರು

ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಮ್ಮೆ ಹಾಕಿ, ಮನೆಮಂದಿಗೆಲ್ಲ ತಂಬಿಗೆಗಟ್ಟಲೆ ನೀರು ಕುಡಿಸಿದವಳು ನಾನು. ಪೋಸ್ಟ್ ಡಬ್ಬಿಗೆ ಕಾಗದ ಹಾಕಿದ ಮೇಲೆ ಅದು ಒಳಗೆ ಬಿತ್ತೋ ಇಲ್ಲವೋ ಎಂದು ಡಬ್ಬಿಯ ಬಾಯಲ್ಲಿ ಇಣುಕುವವಳು. ಇಂಥ ಅಂಜುಬುರುಕಿ ಸಂಶೋಧನೆಗೆ ಆರಿಸಿಕೊಂಡ ವಿಷಯ ಕೇಳಿದರೆ ನಿಮಗೆ ನಗು ಬಂದೀತು. ಮನುಷ್ಯರ ಕೈ ಸೋಕದೆ, ತಾನೇ ಪ್ರೋಗ್ರಾಂ ಬರೆಯುವ ಪ್ರೋಗ್ರಾಂ!

ಎರಡು ಸಾವಿರದ ಇಸವಿ ದಾಟಿದ ಹೊಸತು. ಹರಪನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತ, ರಜೆಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ನನ್ನ ವಿಷಯವನ್ನು ಅತ್ತೆಯವರಿಗೆ ತಿಳಿಸಿ ಹೇಳಲು ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ನೆರವಿಗೆ ಬಂದಿತ್ತು. ಒಂದೊಂದು ಸಕ್ಕರೆ ಆನೆಯನ್ನೂ ಕೈಯಲ್ಲಿ ತಿದ್ದುತ್ತ ಕೂರುವುದಿಲ್ಲ. ಮರದ ಅಚ್ಚು ಮಾಡಿಟ್ಟುಕೊಂಡು ಪಾಕ ಹೊಯ್ದರೆ ಬೇಕಾದಷ್ಟು ಆನೆ. ನಾನು ಮಾಡುತ್ತಿರುವುದು ಅಂಥ ಅಚ್ಚು ಎಂದೆ. ಅವರು ತಲೆದೂಗಿ, ಅಚ್ಚಿನಲ್ಲಿ ಆನೆಯ ಸೊಂಡಿಲು ಮುರಿದಿದ್ದರೆ ಹಬ್ಬಕ್ಕೆಲ್ಲ ಮೊಂಡಾನೆಗಳೇ ಆಗುತ್ತವಲ್ಲ ಎಂದರು. ನನ್ನ ನಿದ್ದೆ ಕೆಡಲು ಅಷ್ಟು ಸಾಕಾಯಿತು.

ಹಳೆಯ ವೈಯಾಕರಣರು ಬೆರಳೆಣಿಕೆಯ ಪುಟಗಳಲ್ಲಿ ಸೂತ್ರ ಬರೆದಿಟ್ಟು, ಲೆಕ್ಕವಿಲ್ಲದಷ್ಟು ಶಬ್ದಗಳು ಅದರಿಂದ ತಾವೇ ಹುಟ್ಟುವಂತೆ ಮಾಡಿದವರು. ಅವರಿಗೆ ರಾತ್ರಿ ನಿದ್ದೆ ಬರುತ್ತಿತ್ತೋ ಏನೋ. ಯಾವುದೋ ಒಂದು ಶಬ್ದ ಅಡ್ಡದಾರಿ ಹಿಡಿದರೆ ನಗೆಪಾಟಲಾಗುವುದು ಹೆಚ್ಚೆಂದರೆ ಒಬ್ಬ ಕವಿ. ನನ್ನ ಪ್ರೋಗ್ರಾಂ ಹೋಗಿ ಕೂತದ್ದು ಅಂಥ ನಿರಪಾಯದ ಜಾಗದಲ್ಲಲ್ಲ.

ಅಚ್ಚನ್ನು ನಿಜವಾದ ಕೆಲಸಕ್ಕೆ ಹಚ್ಚಿ ನೋಡಬೇಕೆಂದು ನನ್ನ ಮಾರ್ಗದರ್ಶಕರು ಹಟ ಹಿಡಿದಿದ್ದರು. ಆಗ ನಮ್ಮ ಐದು ಊರುಗಳಲ್ಲಿ, ಅಂದರೆ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳಲ್ಲಿ, ರಕ್ತ ಕೊಡುವವರ ಸಣ್ಣ ಸಣ್ಣ ಗೆಳೆಯರ ಬಳಗಗಳಿದ್ದವು. ಆಪತ್ತಿನ ರೋಗಿಯನ್ನು ಹೊಸಪೇಟೆಗೋ ದಾವಣಗೆರೆಗೋ ಸಾಗಿಸುವಾಗ ಅದೇ ಗುಂಪಿನ ರಕ್ತದವರನ್ನು ಜೀಪಿನಲ್ಲಿ ಜತೆಗೇ ಕೂರಿಸಿ ಕಳಿಸುವುದು ಅವರ ಕೆಲಸ. ಒಬ್ಬರಿಗೆ ಹೆಸರುಗಳು ಓಣಿವಾರು ಬೇಕು, ಇನ್ನೊಬ್ಬರಿಗೆ ಹಳ್ಳಿವಾರು, ಮತ್ತೊಬ್ಬರಿಗೆ ಫೋನು ಇದ್ದವರು ಮೊದಲು. ಕೈಯಲ್ಲಿ ಬರೆಯುವುದಾದರೆ ಐದು ಬೇರೆ ಬೇರೆ ಪ್ರೋಗ್ರಾಂ. ನನ್ನ ಅಚ್ಚಿಗೆ ಅವರು ಬೇಕೆಂದದ್ದನ್ನೂ ಮಾದರಿಗೆ ಕೆಲವು ಹೆಸರುಗಳನ್ನೂ ಕೊಟ್ಟೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಐದೂ ಸಿದ್ಧವಾಗಿದ್ದವು. ಮಾರ್ಗದರ್ಶಕರಿಗೆ ಹಿಗ್ಗೋ ಹಿಗ್ಗು. ನನಗೆ ಮಾತ್ರ ಸಮಾಧಾನವಿಲ್ಲ. ನಾನೇ ಬರೆದಿದ್ದರೆ ಎಲ್ಲಿ ತಪ್ಪಿರಬಹುದು ಎಂದು ಅಂಜಲು ಒಂದು ಜಾಗವಾದರೂ ಇರುತ್ತಿತ್ತು. ಯಾರೂ ಬರೆಯದ ಬರಹದಲ್ಲಿ ಎಲ್ಲಿ ಅಂತ ಅಂಜುವುದು?

ಹಡಗಲಿಯ ಬಳಗದ ಹಿರಿಯ ಖಾಜಾಸಾಬರು. ಮೋಟಾರ್ ರಿವೈಂಡಿಂಗ್ ಅಂಗಡಿ ಅವರದು. ಸುಟ್ಟ ಪಂಪ್‌ಸೆಟ್ಟುಗಳ ನಡುವೆ ಹಳೆಯ ಕಂಪ್ಯೂಟರೊಂದನ್ನು ಇಟ್ಟುಕೊಂಡು, ಒಂದೇ ಬೆರಳಿನಲ್ಲಿ ಹೆಸರುಗಳನ್ನೆಲ್ಲ ತುಂಬಿದ್ದರು. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಅವರ ಫೋನು ಬಂತು. ಇಟ್ಟಿಗಿಯ ರೇಣುಕವ್ವ ಎಂಬ ಹುಡುಗಿಗೆ ಹೆರಿಗೆಯಾಗಿದೆ, ಕೂಸು ಚೆನ್ನಾಗಿದೆ, ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಓ ಗುಂಪು. ಡಾಕ್ಟರು ಹೊಸಪೇಟೆಗೆ ಒಯ್ಯಲು ಹೇಳಿದ್ದಾರೆ, ಜೀಪು ನಿಂತಿದೆ.

“ಕಂಪ್ಯೂಟರ್ನಾಗ ನೋಡಿದ್ರ ಓ ಗುಂಪಿನಾರು ಒಬ್ರೂ ಇಲ್ಲ ಅಂತೈತ್ರಿ ಮೇಡಂ,” ಅಂದರು ಖಾಜಾಸಾಬರು. “ನಾನ ಓ ಗುಂಪಿನಾವ ಅದೀನಿ. ಹಂಗಾರ ನಾ ಎಲ್ಲಿಗಿ ಹೋದೆ?”

ಕಂಪ್ಯೂಟರನ್ನು ನಂಬಬೇಡಿ, ನೆನಪಿದ್ದವರನ್ನೆಲ್ಲ ಕರೆಯಿರಿ, ನಾನು ಬಂದೆ ಎಂದಷ್ಟೇ ಹೇಳಿ, ಕಾಲೇಜಿಗೆ ರಜೆ ತಿಳಿಸಿ ಹಡಗಲಿ ಬಸ್ಸು ಹತ್ತಿದೆ. ನಾನು ಹೋಗಿ ಮಾಡುವುದೇನೂ ಇರಲಿಲ್ಲ. ನನ್ನದು ಎ ಗುಂಪು. ಆದರೆ ಮನೆಯಲ್ಲಿ ಕೂರುವುದು ಆಗದ ಮಾತು. ಬಸ್ಸು ಕೈ ತೋರಿದಲ್ಲೆಲ್ಲ ನಿಂತಿತು. ಕುರಿಗಳು ಅಡ್ಡ ಬಂದವು. ಕುರಿ ಕಾಯುವವನು ಬೀಡಿ ಹಚ್ಚಿಕೊಂಡು ನಿಧಾನವಾಗಿ ದಾಟಿದ. ಕಿಟಕಿಯ ಪಕ್ಕ ಕೂತು ನಾನು ನನ್ನ ಅಚ್ಚಿನ ಸಾಲುಗಳನ್ನು ಮನಸ್ಸಿನಲ್ಲೇ ಓದುತ್ತಿದ್ದೆ. ಎಲ್ಲೂ ‘ಓ ಗುಂಪಿನವರನ್ನು ಬಿಡು’ ಎಂದು ನಾನು ಬರೆದಿರಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಹಡಗಲಿ ಮುಟ್ಟುವಷ್ಟರಲ್ಲಿ ಜೀಪು ಹೋಗಿಬಿಟ್ಟಿತ್ತು. ಆದದ್ದನ್ನು ಖಾಜಾಸಾಬರ ತಮ್ಮ ಮಹಬೂಬ್ ಹೇಳಿದ. ಅಣ್ಣ ತಾನೇ ಜೀಪಿನಲ್ಲಿ ಕೂತರಂತೆ. ಆದರೆ ಡಾಕ್ಟರು ಇನ್ನೂ ಒಬ್ಬಿಬ್ಬರು ಬೇಕೇ ಬೇಕೆಂದರಂತೆ. ನೆನಪಿಗೆ ಬಂದವರು ಹೊಲಕ್ಕೆ ಹೋಗಿದ್ದರು. ಆಗ ಮಹಬೂಬ್ ಬಸ್ ಸ್ಟ್ಯಾಂಡಿಗೆ ಓಡಿ, ಬಸ್ಸು ಬರುವುದು ಹೋಗುವುದನ್ನು ಕೂಗುವ ಮೈಕಿನಲ್ಲಿ ಓ ಗುಂಪಿನವರು ಬೇಕೆಂದು ಹೇಳಿಸಿದ. ಕೂಡ್ಲಿಗಿ ಬಸ್ಸಿನಿಂದ ಒಬ್ಬ ಮೇಷ್ಟ್ರು ಇಳಿದರು. ಮಲ್ಲಿಗೆ ಮೂಟೆಗಳನ್ನು ಬಸ್ಸಿನ ಮೇಲೆ ಏರಿಸುತ್ತಿದ್ದ ವ್ಯಾಪಾರಿಯೊಬ್ಬರು ಹೂವನ್ನು ಪಕ್ಕದವರಿಗೆ ಒಪ್ಪಿಸಿ ಬಂದರು. ಇಬ್ಬರಿಗೂ ರೇಣುಕವ್ವ ಯಾರೆಂದೇ ಗೊತ್ತಿರಲಿಲ್ಲ.

ಹೊಸಪೇಟೆಯಿಂದ ಸುದ್ದಿ ಬರುವವರೆಗೆ ಕಾಯುವುದೊಂದೇ ಉಳಿದಿತ್ತು. ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಕಾರಣ ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಕೀಲಿಮಣೆಯಲ್ಲಿ ಇಂಗ್ಲಿಷಿನ ಓ ಅಕ್ಷರವೂ ದುಂಡಗಿದೆ, ಸೊನ್ನೆಯೂ ದುಂಡಗಿದೆ. ಖಾಜಾಸಾಬರು ಓ ಗುಂಪಿನವರ ಹೆಸರಿನ ಮುಂದೆಲ್ಲ ಸೊನ್ನೆ ಒತ್ತಿದ್ದರು. ತಪ್ಪೇನಿಲ್ಲ, ಮನುಷ್ಯರು ಯಾರೇ ಓದಿದ್ದರೂ ಓ ಎಂದೇ ಓದುತ್ತಿದ್ದರು. ನನ್ನ ಅಚ್ಚು ಮಾತ್ರ, ಹಿಂದೊಮ್ಮೆ ಪರೀಕ್ಷೆಗೆಂದು ನಾನು ಕೊಟ್ಟಿದ್ದ ಗೊಬ್ಬರದಂಗಡಿಯ ದಾಸ್ತಾನಿನ ಲೆಕ್ಕದಲ್ಲಿ ಕಲಿತ ಪಾಠವನ್ನು ಇಲ್ಲಿಗೂ ತಂದಿತ್ತು. ಸೊನ್ನೆ ಇದ್ದರೆ ಏನೂ ಇಲ್ಲ ಎಂದರ್ಥ. ಹಾಗಾಗಿ ಅಷ್ಟೂ ಜನರನ್ನು ಗುಂಪಿಲ್ಲದವರೆಂದು ಬದಿಗೆ ಸರಿಸಿ ಕೂತಿತ್ತು. ಖಾಜಾಸಾಬರು ಹೋದದ್ದು ಅಲ್ಲಿಗೆ.

ಆಗ ಇನ್ನುಳಿದ ಊರುಗಳು ನೆನಪಾದವು. ಹರಪನಹಳ್ಳಿಯದನ್ನು ನಾನೇ ತುಂಬಿದ್ದೆ, ಅದರಲ್ಲಿ ಅಕ್ಷರವೇ ಇತ್ತು. ಅಂಗಡಿಯ ಫೋನು ಹೊಸಪೇಟೆಯ ಕರೆಗೆ ಬಿಡುವಾಗಿರಲೆಂದು ಪಕ್ಕದ ಎಸ್‌ಟಿಡಿ ಬೂತಿಗೆ ಹೋಗಿ ಕೂಡ್ಲಿಗಿಗೆ, ಕೊಟ್ಟೂರಿಗೆ ಫೋನು ಹಚ್ಚಿದೆ. ಎರಡೂ ಕಡೆ ಅಕ್ಷರವನ್ನೇ ಒತ್ತಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಬಳಗ ನೋಡಿಕೊಳ್ಳುತ್ತಿದ್ದವರು ಟೈಪಿಂಗ್ ಕಲಿಸುವ ಶಾರದಮ್ಮ. ಅವರು ಸಮಾಧಾನವಾಗಿ, “ನಮ್ಮೂರಾಗ ಆ ಗುಂಪಿನಾರು ಇಲ್ರಿ. ಹಿಂದಿನ ತಿಂಗಳ ಒಬ್ರು ಕೇಳಿದ್ರು, ಇಲ್ಲ ಅಂತ ಹೇಳಿ ಕಳಿಸ್ದೆ,” ಎಂದರು.

ಆ ಕೇಳಿದವರು ಏನಾದರು ಎಂದೆ. ದಾವಣಗೆರೆಯಲ್ಲಿ ಅವರ ಸಂಬಂಧಿಕರೇ ರಕ್ತ ಕೊಟ್ಟರು, ಈಗ ಓಡಾಡಿಕೊಂಡಿದ್ದಾರೆ ಎಂದರು. ನಾನು ಬೂತಿನ ಗಾಜಿಗೆ ಒರಗಿಕೊಂಡೆ. ಬೂತಿನವಳು ಸ್ಟೂಲು ಕೊಟ್ಟು, ಕೆಟ್ಟ ಸುದ್ದಿಯೇ ಎಂದು ಕೇಳಿದಳು. ಇನ್ನೂ ಗೊತ್ತಿಲ್ಲ ಎಂದೆ.

ಮಧ್ಯಾಹ್ನ ಇಳಿಯಿತು. ಮಹಬೂಬ್ ತಂದ ಮಂಡಕ್ಕಿ ಒಗ್ಗರಣೆ ನನ್ನ ಮುಂದೆ ಮೆತ್ತಗಾಯಿತು. ಕಡೆಗೆ ಅಂಗಡಿಯ ಫೋನು ಬಡಿದುಕೊಂಡಾಗ ಎತ್ತಲು ಧೈರ್ಯ ಸಾಲದೆ ಅವನ ಮುಖ ನೋಡಿದೆ. ಅವನು ಎತ್ತಿ ಕೇಳಿಸಿಕೊಂಡು, ಏನೂ ಹೇಳದೆ ನನ್ನ ಕೈಗೆ ಕೊಟ್ಟ. ಆ ಕ್ಷಣಕ್ಕೆ ಅವನನ್ನು ಇವತ್ತಿಗೂ ನಾನು ಪೂರ್ತಿ ಕ್ಷಮಿಸಿಲ್ಲ.

“ಹುಡುಗಿ ಉಳದಾಳ್ರಿ ಮೇಡಂ,” ಎಂದರು ಖಾಜಾಸಾಬರು. “ಕಣ್ಣು ಬಿಟ್ಟು ಕೂಸು ಎಲ್ಲೈತಿ ಅಂತ ಕೇಳಿದ್ಲು. ನೀವು ಊಟ ಮಾಡ್ರಿ ಮೊದ್ಲು.”

ನಾನು ಉಂಡೆನೋ ಇಲ್ಲವೋ ನೆನಪಿಲ್ಲ. ಅಳುತ್ತ ಎಲ್ಲ ಸೊನ್ನೆಗಳನ್ನೂ ಅಕ್ಷರ ಮಾಡಿ, ಹಗರಿಬೊಮ್ಮನಹಳ್ಳಿಗೂ ಹೋಗಿ ಅಲ್ಲಿನ ಸೊನ್ನೆಗಳನ್ನು ತಿದ್ದಿ, ರಾತ್ರಿ ಬಹಳ ಹೊತ್ತಾದ ಮೇಲೆ ಮನೆ ಸೇರಿದೆ.

ಆಮೇಲೆ ಅಚ್ಚನ್ನೇ ಬದಲಿಸಿದೆ. ಎರಡು ಅರ್ಥ ಬರುವ ಕಡೆ ತಾನೇ ನಿರ್ಧರಿಸದೆ, ನಿಂತು ಕೇಳುವ ಹಾಗೆ ಮಾಡಿದೆ. ಮಾರ್ಗದರ್ಶಕರಿಗೆ ಇದು ರುಚಿಸಲಿಲ್ಲ. ತಾನೇ ಮಾಡುತ್ತದೆ ಎಂಬುದೇ ನಿನ್ನ ಪ್ರಬಂಧದ ಹೆಗ್ಗಳಿಕೆ, ಮಾತುಮಾತಿಗೂ ಮನುಷ್ಯರನ್ನು ಕೇಳುವ ಯಂತ್ರಕ್ಕೆ ಯಾರು ಪದವಿ ಕೊಡುತ್ತಾರೆ ಎಂದರು. ಹಿರಿಯರ ಎದುರು ಮಾತಾಡುವ ಅಭ್ಯಾಸ ನನಗಿಲ್ಲ. ಅಂದು ಮಾತ್ರ ರೇಣುಕವ್ವನ ಸಂಗತಿಯನ್ನು ಮೊದಲಿಂದ ಕೊನೆಯವರೆಗೆ ಹೇಳಿ, ಪದವಿ ತಡವಾದರೂ ಚಿಂತೆಯಿಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಆ ಅಧ್ಯಾಯ ಉಳಿಯಿತು. ಪದವಿ ತಡವಾಗಿಯೇ ಬಂತು.

ಹೊಸ ಪ್ರೋಗ್ರಾಂ ಕೊಟ್ಟ ವಾರದಲ್ಲಿ ಖಾಜಾಸಾಬರು ಫೋನು ಮಾಡಿ ದೂರಿದರು. “ಇದೇನ್ರಿ, ಹೊಸಾ ಬೀಗರು ಕೇಳಿದಂಗ ಒಂದೊಂದಕ್ಕೂ ಕೇಳ್ತೈತಿ. ಹಿಂದಿನದು ಬಾಳ ಧೈರ್ಯವಂತ ಇತ್ತು.”

ಕೇಳಲಿ ಬಿಡಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಎಂದೆ. ಆ ಮಧ್ಯಾಹ್ನ ನನಗೆ ಒಳ್ಳೆಯ ನಿದ್ದೆ ಬಂತು. ಹಡಗಲಿಯ ಒಂದು ಅಂಗಡಿಯಲ್ಲಿ, ಸುಟ್ಟ ಮೋಟಾರುಗಳ ನಡುವೆ ಕೂತು, ನನ್ನ ಪಾಲಿನ ಅಂಜಿಕೆಯಲ್ಲಿ ಸ್ವಲ್ಪವನ್ನು ಆ ಪ್ರೋಗ್ರಾಂ ಅಂಜುತ್ತಿತ್ತು.