ಹಗಲು ಹೊತ್ತಿನ ಲೈಟ್‌ಹೌಸ್

ಅತ್ತಿಗೆ ಬರೆದ ಲೈಟ್‌ಹೌಸಿಗೆ ನಮ್ಮ ಮನೆಯಲ್ಲಿ ಗೋಡೆ ಹುಡುಕಿದ ಕಥೆಯನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಅದರಲ್ಲಿ ಬರುವವರೆಲ್ಲರ ದನಿಯನ್ನು ಅವರ ಹಾಗೇ ತೆಗೆದು ಹೇಳಿದ್ದೇನೆ. ಕೇಳಿದವರು ನಗುತ್ತಾರೆ. ಆದರೆ ಕೊನೆಗೆ ಏನಾಯಿತು, ಯಾಕಾಯಿತು ಎಂದು ಯಾರಾದರೂ ಕೇಳಿದರೆ ಈಗಲೂ ತಲೆ ಕೆರೆದುಕೊಳ್ಳುತ್ತೇನೆ.

ಅಣ್ಣ ಬ್ಯಾಂಕಿನವನು. ಬೆಂಗಳೂರಿನಿಂದ ನೈರೋಬಿಗೆ ಪೋಸ್ಟಿಂಗ್ ಆಗಿ ಅತ್ತಿಗೆಯೊಂದಿಗೆ ಸೌತ್ ಬಿ ಎಂಬ ಬಡಾವಣೆಯಲ್ಲಿದ್ದ. ಟೆಲಿಕಾಂ ಕಂಪನಿಯ ಕೆಲಸದ ಮೇಲೆ ನಾನೂ ಬಂದು ಅವರ ಸೋಫಾ ಹಿಡಿದ ಮೇಲೆ, ಸೋಫಾ ಉಳಿಸಿಕೊಳ್ಳಲೆಂದೋ ಏನೋ, ಹೈರಿಡ್ಜ್‌ನಲ್ಲಿ ದೊಡ್ಡ ಫ್ಲಾಟಿಗೆ ಹೋದರು. ಮನೆ ಆರಿಸುವಾಗ ಬಾಲ್ಕನಿ ಚೆನ್ನಾಗಿದೆ ಎಂದವನು ನಾನು. ನನ್ನ ಕೊಡುಗೆ ಅಷ್ಟೇ.

ನಾವು ಮೈಸೂರಿನವರು, ಅತ್ತಿಗೆ ಕಾಪು ಕಡೆಯವರು. ತಾಯಿಯ ಜೊತೆ ಫೋನಿನಲ್ಲಿ ತುಳು, ನಮ್ಮ ಜೊತೆ ಕನ್ನಡ, ತರಕಾರಿಯವಳ ಜೊತೆ ನಮಗಿಬ್ಬರಿಗೂ ಸೇರಿಸಿ ಬಾರದಷ್ಟು ಸ್ವಾಹಿಲಿ. ಊರಿನ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದವರು ಇಲ್ಲಿಗೆ ಬಂದ ಮೇಲೆ ಬ್ರಷ್ ಮುಟ್ಟಿರಲಿಲ್ಲ. ಹೊಸ ಮನೆಯಲ್ಲಿ ಹಾಲುಕ್ಕಿಸಿದ ವಾರವೇ, ಸಾಮಾನು ಬಿಚ್ಚುವ ಗಲಾಟೆಯ ನಡುವೆ, ಖಾಲಿ ರೂಮಿನಲ್ಲಿ ಕ್ಯಾನ್ವಾಸ್ ನಿಲ್ಲಿಸಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಬಾಯಲ್ಲೇ ಕುಕ್ಕರಿನ ಸೀಟಿ ಹೊಡೆದು ಕರೆದರೂ ಹೊರಗೆ ಬರಲಿಲ್ಲ.

ಚಿತ್ರ ನೋಡಿದಾಗ ನನಗೆ ಮೊದಲು ಗೊತ್ತಾಗಿದ್ದು, ಇದು ಕ್ಯಾಲೆಂಡರಿನ ಲೈಟ್‌ಹೌಸ್ ಅಲ್ಲ ಎಂದು. ಅಲೆ ಇಲ್ಲ, ಸೂರ್ಯಾಸ್ತ ಇಲ್ಲ. ಮುಂದೆ ಒಂದು ಬಟ್ಟೆ ಒಗೆಯುವ ಕಲ್ಲು, ಹಗ್ಗದ ಮೇಲೆ ಒಣಗುತ್ತಿರುವ ಲಂಗ, ಬೆಡ್‌ಶೀಟು. ಅದರಾಚೆ ತೆಂಗಿನ ಗರಿಗಳ ಮೇಲಿಂದ ಲೈಟ್‌ಹೌಸಿನ ಮೇಲ್ಭಾಗ ಮಾತ್ರ ಇಣುಕುತ್ತಿತ್ತು. ಬಲಗಡೆ ಒಂದು ಗೆರೆಯಷ್ಟು ಸಮುದ್ರ. ಬಿಳಿಬಿಳಿ ಬಿಸಿಲು.

"ನಮ್ಮ ಮನೆಯ ಹಿಂಬದಿಯಿಂದ ಹೀಗೇ ಕಾಣುವುದು," ಎಂದರು ಅತ್ತಿಗೆ.

ಅಣ್ಣ ಕೈಕಟ್ಟಿ ನಿಂತು ನೋಡಿದ. ಸಾಲದ ಅರ್ಜಿ ನೋಡುವಾಗಲೂ ಹೀಗೇ ನಿಲ್ಲುತ್ತಾನೆಂದು ನನ್ನ ಊಹೆ. "ಸೂಪರ್ ಕಣೆ," ಎಂದ. ಆಮೇಲೆ, "ದೀಪ ಹಚ್ಚಿಲ್ವಲ್ಲ."

"ಹಗಲು ಹೊತ್ತು ಯಾರಾದ್ರೂ ದೀಪ ಹಚ್ತಾರಾ?"

"ಅಲ್ಲ ಕಣೆ, ಹೊಸ ಮನೆ. ಆರಿದ ದೀಪ ಗೋಡೆ ಮೇಲೆ ಯಾಕೆ ಅಂತ. ತುದಿಗೆ ಒಂಚೂರು ಹಳದಿ ಹಚ್ಚಿಬಿಡು, ಐದು ನಿಮಿಷದ ಕೆಲಸ."

ಅತ್ತಿಗೆ ಬ್ರಷ್ ತೊಳೆಯಲು ಹೋದರು. ನನಗೆ ಇಬ್ಬರೂ ಸರಿ ಅನ್ನಿಸಿತು. ಗೊಂದಲ ಅಲ್ಲಿಂದಲೇ ಶುರು.

ಭಾನುವಾರ ಡಾಕ್ಟರ್ ಅಂಕಲ್ ಬಂದರು. ನಾವು ಹುಟ್ಟುವ ಮೊದಲೇ ಕರ್ನಾಟಕದಿಂದ ಬಂದು ಇಲ್ಲೇ ನೆಲೆಸಿದವರು. ಜನರ ಹೊಟ್ಟೆ ನೋಡುವುದು ವೃತ್ತಿ, ಮನೆಗಳ ಮೂಲೆ ನೋಡುವುದು ಹವ್ಯಾಸ. ಒಮ್ಮೆ ಕೆಮ್ಮಿ, ಎರಡು ಸಲ ತಲೆಯಾಡಿಸಿ, ಆಮೇಲೆ ಮಾತು. ಅವರ ದನಿ ತೆಗೆಯುವುದು ಬಹಳ ಸುಲಭ. ಕೆಮ್ಮಿದರೆ ಅರ್ಧ ಬಂದ ಹಾಗೆ. ಮೊಬೈಲಿನ ದಿಕ್ಸೂಚಿ ಹಿಡಿದು ಹಾಲಿನಲ್ಲಿ ಒಂದು ಸುತ್ತು ಬಂದರು.

"ಸವಾ, ಸವಾ," ಎಂದರು, ಸ್ವಾಹಿಲಿಯಲ್ಲಿ ಸರಿ ಸರಿ ಎಂದು. "ನೋಡಪ್ಪಾ, ನೀರಿನ ಚಿತ್ರ ಈಶಾನ್ಯಕ್ಕೆ."

ಈಶಾನ್ಯದಲ್ಲಿ ದೇವರ ಮಂಟಪ ಇತ್ತು. ಅಣ್ಣ ಬೆಂಗಳೂರಿನ ತನ್ನ ವಾಸ್ತು ಜೋಯಿಸರಿಗೆ ಸ್ಪೀಕರಿನಲ್ಲಿ ಫೋನ್ ಮಾಡಿದ. ಅವರು, ನೀರಿರಲಿ, ಗೋಪುರ ಅಂದರೆ ಭಾರ, ಭಾರ ನೈಋತ್ಯಕ್ಕೆ ಎಂದರು. ಮತ್ತೆ ಸ್ವಲ್ಪ ಯೋಚಿಸಿ, ದೀಪದ ವಿಚಾರ ಬಂದರೆ ಅಗ್ನಿ, ಅದು ಆಗ್ನೇಯಕ್ಕೆ ಹೋಗಬೇಕಾಗುತ್ತೆ, ದೀಪ ಉರೀತಿದೆಯೋ ಎಂದು ಕೇಳಿದರು.

"ಇಲ್ಲ, ಹಗಲು," ಎಂದ ಅಣ್ಣ, ತಗ್ಗಿದ ದನಿಯಲ್ಲಿ.

"ಒಂದ್ನಿಮಿಷ," ಎಂದರು ಅಂಕಲ್, ಕೆಮ್ಮಿ. "ನಾವು ಇರೋದು ಭೂಮಧ್ಯರೇಖೆಯ ಕೆಳಗೆ. ಇಲ್ಲಿ ಬಿಸಿಲು ಬೀಳೋ ರೀತಿಯೇ ಬೇರೆ. ಹಾಗಾದ್ರೆ ದಿಕ್ಕೆಲ್ಲ ತಿರುವು ಹಾಕ್ಬೇಕಲ್ಲ?"

ಜೋಯಿಸರು ಪುಸ್ತಕ ನೋಡಿ ಹೇಳುತ್ತೇನೆಂದು ಫೋನಿಟ್ಟರು. ಭೂಮಧ್ಯರೇಖೆ ನೈರೋಬಿಯಿಂದ ಒಂದು ಮಧ್ಯಾಹ್ನದ ಡ್ರೈವ್ ಅಷ್ಟೇ ದೂರ, ದಾಟಿ ಹೋಗಿ ಆ ಕಡೆ ಮನೆ ಮಾಡೋಣ ಎಂದು ನಾನು ಸೂಚಿಸಿದೆ. ಅಣ್ಣ ನನ್ನನ್ನು ಗುರಾಯಿಸಿದ.

"ಒಟ್ಟು ಚಿತ್ರದಲ್ಲಿ ನೀರು ಎಷ್ಟು ಪರ್ಸೆಂಟ್ ಇದೆ?" ಎಂದು ಆಮೇಲೆ ಕೇಳಿದ. ತಮಾಷೆಗಲ್ಲ. ಅವನು ನಿಜವಾಗಿಯೂ ದಾರಿ ಹುಡುಕುತ್ತಿದ್ದ.

ಚಿತ್ರ ಅಲೆಯತೊಡಗಿತು. ಒಂದು ದಿನ ಡೈನಿಂಗ್ ಟೇಬಲಿನ ಹಿಂದೆ, ಒಂದು ದಿನ ಶೂ ಸ್ಟ್ಯಾಂಡಿನ ಮೇಲೆ. ಕೊನೆಗೆ ಬಾತ್‌ರೂಮಿಗೆ ಹೋಗುವ ಪ್ಯಾಸೇಜಿನಲ್ಲಿ, ಗೋಡೆಗೆ ಒರಗಿಸಿ, ನೆಲದ ಮೇಲೆ. ಬೆಳಿಗ್ಗೆ ಟವೆಲ್ ಹೆಗಲಿಗೆ ಹಾಕಿ ಹೋಗುವಾಗ ಆ ಬಟ್ಟೆಯ ಹಗ್ಗಕ್ಕೇ ನೇತುಹಾಕಬೇಕು ಅನ್ನಿಸುತ್ತಿತ್ತು.

ಒಂದು ಸಂಜೆ ಅಡುಗೆಮನೆಯಲ್ಲಿ ಸುಕುಮ ಸೊಪ್ಪು ಹೆಚ್ಚುತ್ತಿದ್ದ ಅತ್ತಿಗೆಯ ಎದುರು ನಾನು ಅಂಕಲ್ ಆದೆ, ಜೋಯಿಸರಾದೆ, ಅಣ್ಣನೂ ಆದೆ. ನಕ್ಕರು. ನಕ್ಕು ಮುಗಿಸಿ, ಕತ್ತಿ ಕೆಳಗಿಟ್ಟು ಹೇಳಿದರು:

"ಗಿಗಿರಿಯಲ್ಲಿ ಒಬ್ಬರು ಚಿತ್ರ ಕೇಳಿದ್ದಾರೆ ಮಾರಾಯ. ನಮ್ಮ ಯೋಗ ಕ್ಲಾಸಿಗೆ ಬರ್ತಾರಲ್ಲ, ವಿದೇಶಿ ಆಫೀಸಿನವರು. ಊರಿಗೆ ವಾಪಸ್ ಹೋಗಿ ಮನೆ ಮಾಡ್ತಾರಂತೆ. ಅಂಗಡಿಯ ಪ್ರಿಂಟ್ ಬೇಡ, ಕೈಯಲ್ಲಿ ಬರೆದದ್ದೇ ಬೇಕಂತೆ. ಫೋಟೋ ತೋರಿಸಿದೆ, ಇದೇ ಬೇಕು ಅಂದ್ರು."

"ಏನಂದ್ರಿ?"

"ಅವರೂ ಕೇಳಿದ್ರು, ದೀಪ ಹಚ್ಚಿದ್ರೆ ಚಂದ ಅಲ್ವಾ ಅಂತ." ಮತ್ತೆ ಕತ್ತಿ ಎತ್ತಿಕೊಂಡರು. "ಎಂತ ಹೇಳುವುದು? ಈ ಮನೆಯಲ್ಲಿ ಅದಕ್ಕೊಂದು ಗೋಡೆ ಸಿಕ್ಕಿದ್ರೆ ಇಟ್ಕೊಳ್ತೇನೆ. ಇಲ್ಲದಿದ್ರೆ ಕೊಟ್ಟುಬಿಡ್ತೇನೆ. ಆಮೇಲೆ ನನಗೂ ಬರೆಯುವ ರಗಳೆ ಇಲ್ಲ."

ಕೊನೆಯ ಮಾತನ್ನು ಸೊಪ್ಪಿಗೆ ಹೇಳಿದ ಹಾಗಿತ್ತು. ಬ್ರಷ್ಷುಗಳೆಲ್ಲ ಒಂದು ಹಳೆಯ ಬಿಸ್ಕತ್ ಡಬ್ಬಿಯಲ್ಲಿ, ಮುಚ್ಚಳ ಹಾಕಿ, ಕಪಾಟಿನ ಮೇಲಕ್ಕೆ ಹೋಗಿದ್ದವು. ಅದನ್ನು ನಾನು ಆಗ ನೋಡಿದೆ. ಅಣ್ಣನಿಗೆ ಹೇಳಬೇಕೋ ಬೇಡವೋ ತಿಳಿಯಲಿಲ್ಲ. ನನ್ನ ದನಿಯಲ್ಲಿ ಹೇಳಿದರೆ ಆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ ಅನ್ನುವುದು ಬೇರೆ.

ಸತ್ಯನಾರಾಯಣ ಪೂಜೆಯ ದಿನ ಬ್ಯಾಂಕಿನವರು, ಅಂಕಲ್, ಆಂಟಿ ಎಲ್ಲ ಸೇರಿದ್ದರು. ಕೈತೊಳೆಯಲು ಹೋದವರೆಲ್ಲ ಪ್ಯಾಸೇಜಿನಲ್ಲಿ ಚಿತ್ರವನ್ನು ದಾಟಿಕೊಂಡು ಹೋದರು. ಸೀರೆ ತಾಗೀತೆಂದು ಬಂದವರಲ್ಲೊಬ್ಬರು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟರು. ಪ್ರಸಾದದ ಸಪಾದ ತಟ್ಟೆಗೆ ಬಿದ್ದ ಮೇಲೆ ಅಂಕಲ್ ಕೆಮ್ಮಿದರು. "ಏನಯ್ಯಾ, ನನ್ನ ಮಿಮಿಕ್ರಿ ಮಾಡ್ತೀಯಂತೆ. ಮಾಡು ನೋಡೋಣ."

ಮಾಡಿದೆ. ಭೂಮಧ್ಯರೇಖೆಯನ್ನೂ ಬಿಡಲಿಲ್ಲ. ಅಂಕಲ್ ತಾವೇ ಕೆಮ್ಮಿ ಕೆಮ್ಮಿ ನಕ್ಕರು. ಜೋಯಿಸರನ್ನು ಮಾಡಿದೆ, ಪರ್ಸೆಂಟ್ ಕೇಳುವ ಅಣ್ಣನನ್ನು ಮಾಡಿದೆ, ಇವರ ನಡುವೆ ಹಲ್ಲು ಕಿರಿಯುತ್ತ ನಿಂತ ನನ್ನನ್ನೂ ಮಾಡಿದೆ. ಆಗ ಆಂಟಿ, "ಈಗ ಅತ್ತಿಗೇನ ಮಾಡಪ್ಪಾ," ಎಂದರು.

ಬಾಯಿ ತೆರೆದೆ. ಇಡೀ ರಗಳೆಯಲ್ಲಿ ಅತ್ತಿಗೆ ಆಡಿದ ಮಾತು ಹುಡುಕಿದರೆ ಒಂದೇ ಸಿಕ್ಕಿತು.

"ಹಗಲು ಹೊತ್ತು ಯಾರಾದ್ರೂ ದೀಪ ಹಚ್ತಾರಾ?" ಎಂದೆ, ಅವರ ಹಾಗೇ.

ನಕ್ಕರು. "ಇನ್ನೊಂದು," ಎಂದರು ಅಂಕಲ್.

ಇನ್ನೊಂದು ಇತ್ತು. ಯೋಚಿಸುವ ಮೊದಲೇ ಅದು ಅತ್ತಿಗೆಯ ದನಿಯಲ್ಲಿ ಹೊರಗೆ ಬಂದಿತ್ತು. "ಗೋಡೆ ಸಿಕ್ಕಿದ್ರೆ ಇಟ್ಕೊಳ್ತೇನೆ. ಇಲ್ಲದಿದ್ರೆ ಕೊಟ್ಟುಬಿಡ್ತೇನೆ. ಆಮೇಲೆ ನನಗೂ ಬರೆಯುವ ರಗಳೆ ಇಲ್ಲ."

ಈ ಸಲ ಯಾರೂ ನಗಲಿಲ್ಲ. ನಾನು ಸರಿಯಾಗಿ ತೆಗೆಯಲಿಲ್ಲವೇನೋ ಎಂದು ಒಂದು ಕ್ಷಣ ಅನ್ನಿಸಿತು. ಸರಿಯಾಗಿಯೇ ತೆಗೆದಿದ್ದೆ ಎಂದು ಅಣ್ಣನ ಮುಖ ನೋಡಿದಾಗ ಗೊತ್ತಾಯಿತು.

"ಯಾರಿಗೆ ಕೊಡ್ತೀಯ?" ಎಂದ.

"ಕೇಳಿದವರು ಇದ್ದಾರೆ," ಎಂದರು ಅತ್ತಿಗೆ, ಯಾರದೋ ತಟ್ಟೆಗೆ ಕೋಸಂಬರಿ ಬಡಿಸುತ್ತ.

ಅಣ್ಣ ಎದ್ದ. ಮನೆಯಲ್ಲಿ ಸುತ್ತಿಗೆ ಇರಲಿಲ್ಲ. ಶುಂಠಿ ಜಜ್ಜುವ ಕುಟ್ಟಾಣಿಯ ಒನಕೆ ತಂದ. ಟೀವಿಯ ಮೇಲಿನ ಗೋಡೆಗೆ, ಪಂಚೆ ಎತ್ತಿ ಕಟ್ಟಿ, ಕುರ್ಚಿ ಹತ್ತಿ, ಮೊಳೆ ಹೊಡೆದ. ಕಲ್ಲಿನ ಗೋಡೆ, ಮೊದಲ ಮೊಳೆ ಬಗ್ಗಿತು, ಎರಡನೆಯದು ಹಾರಿ ಪಾಯಸದ ಪಾತ್ರೆಯ ಪಕ್ಕ ಬಿತ್ತು, ಮೂರನೆಯದು ನಿಂತಿತು. ಅಂಕಲ್ ಅಭ್ಯಾಸಬಲದಿಂದ ಮೊಬೈಲ್ ತೆಗೆದರು. ಆಂಟಿ ಅದನ್ನು ಅವರ ಕೈಯಿಂದ ಕಸಿದು ಚೀಲದೊಳಗೆ ಹಾಕಿಕೊಂಡರು. ಅದು ಯಾವ ದಿಕ್ಕಿನ ಗೋಡೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಚಿತ್ರ ಸ್ವಲ್ಪ ಸೊಟ್ಟಗೆ ನಿಂತಿತು. ಅತ್ತಿಗೆ ದೂರದಿಂದ ನೋಡಿ, "ಎಡಗಡೆ ಸ್ವಲ್ಪ ಕೆಳಗೆ," ಎಂದರು. ಅಷ್ಟೇ.

ನಾನು ಕಥೆ ಮುಗಿಯಿತು ಎಂದುಕೊಂಡೆ. ಮುಂದಿನ ವಾರ ಆಫೀಸಿನಿಂದ ಬಂದು ನೋಡಿದರೆ ಟೀವಿಯ ಮೇಲೆ ಮೊಳೆ ಮಾತ್ರ ಇತ್ತು. ಗಿಗಿರಿಯವರ ಕಾರು ಬಂದು ಹೋಗಿತ್ತು. ಹಳದಿ ಹಚ್ಚದೆಯೇ ಕೊಟ್ಟಿದ್ದರು. ಅವರೂ ಮತ್ತೆ ಕೇಳಲಿಲ್ಲವಂತೆ.

"ಗೋಡೆ ಸಿಕ್ಕಿದ್ರೆ ಇಟ್ಕೊಳ್ತೀನಿ ಅಂದಿದ್ರಲ್ಲ ಅತ್ತಿಗೆ?"

"ಹೌದು. ಜಾಗ ಇಲ್ಲ ಅನ್ನುವ ಕಾರಣಕ್ಕೆ ಕೊಡ್ಲಿಕ್ಕೆ ಮನಸ್ಸಿರಲಿಲ್ಲ. ಈಗ ಜಾಗ ಉಂಟಲ್ಲ, ಇನ್ನು ಕೊಡ್ಬಹುದು."

ನನಗೆ ಅರ್ಥವಾಗಲಿಲ್ಲ. ಅಣ್ಣನಿಗೂ ಆಗಿರಲಿಲ್ಲ ಎಂದು ಕಾಣುತ್ತದೆ. ಅವನು ಮೊಳೆಯ ಕೆಳಗೆ ನಿಂತು, ಅದು ಭದ್ರವಾಗಿದೆಯೇ ಎಂದು ಬೆರಳಲ್ಲಿ ಅಲ್ಲಾಡಿಸಿ ನೋಡಿದ. ಒಳರೂಮಿನ ಬಾಗಿಲು ಈ ಸಲ ತೆರೆದೇ ಇತ್ತು. ಬಿಸ್ಕತ್ ಡಬ್ಬಿಯ ಮುಚ್ಚಳ ನೆಲದ ಮೇಲಿತ್ತು. ಹೊಸ ಕ್ಯಾನ್ವಾಸಿನಲ್ಲಿ ಆಗಲೇ ಬಟ್ಟೆ ಒಗೆಯುವ ಕಲ್ಲು ಮೂಡಿತ್ತು; ಹಗ್ಗ ಖಾಲಿ, ಬಟ್ಟೆ ಯಾರೋ ತೆಗೆದುಕೊಂಡು ಹೋಗಿದ್ದರು.

ಅಣ್ಣ ಬಾಗಿಲಲ್ಲಿ ನಿಂತು ಬಹಳ ಜೋಪಾನವಾಗಿ ಕೇಳಿದ. "ಇದರಲ್ಲಿ ದೀಪ ಇರುತ್ತಾ?"

ಅತ್ತಿಗೆ ತಿರುಗಿ ನೋಡಲಿಲ್ಲ.

"ಸಂಜೆ ಆಗ್ಲಿ. ನೋಡುವ."